ಬಾಗಿಲು ಕಾಯುವ ಕೆಲಸ

ನಾನು ಒಬ್ಬನೇ ಇರಲಿಕ್ಕೂ ಆಗದ, ನಾಲ್ಕು ಜನರ ಜೊತೆ ಏಗಲಿಕ್ಕೂ ಆಗದ ಮನುಷ್ಯ. ಇಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆಂದು ನನ್ನ ನಂಬಿಕೆ. ಆದರೆ ಅವರು ಒಟ್ಟು ಸೇರುವ ಜಾತಿಯವರಲ್ಲವಾದ್ದರಿಂದ ನಮ್ಮದೊಂದು ಸಂಘ ಇನ್ನೂ ಆಗಿಲ್ಲ. ಮದುವೆ ಮನೆಗೆ ಹೋದರೆ ಎಲೆ ಹಾಕುವ ಮೊದಲೇ ನನಗೆ ಮನೆಯ ನೆನಪಾಗುತ್ತದೆ. ಮನೆಗೆ ಬಂದು ಅಂಗಿ ಕಳಚಿದ ಮೇಲೆ, ಅವರೆಲ್ಲ ಅಲ್ಲಿ ಈಗ ಏನು ಮಾತಾಡಿಕೊಂಡು ನಗುತ್ತಿದ್ದಾರೋ ಎಂದು ಹೊಟ್ಟೆ ಉರಿಯುತ್ತದೆ. ಐವತ್ತೊಂದು ವರ್ಷ ಈ ದೋಷವನ್ನು ಹೇಗೋ ಮುಚ್ಚಿಟ್ಟುಕೊಂಡು ಬಂದಿದ್ದೆ. ಕೊನೆಗೆ ಅದನ್ನು ಬಯಲಿಗೆ ತಂದದ್ದು ಮೊಬೈಲಿನ ಒಂದು ಆಟ. ಬಯಲಾದದ್ದಕ್ಕೆ ನನಗೆ ಬೇಸರವಿಲ್ಲ. ಅದರಿಂದ ನಲವತ್ತು ವರ್ಷದ ಒಂದು ಗೆಳೆತನ ಹೋಯಿತು ಎಂಬುದಕ್ಕೆ ಬೇಸರ.

ಗೆಳೆಯನ ಹೆಸರು ಹಂಝ. ಬಂದ್ಯೋಡಿನಲ್ಲಿ ಅವನದ್ದು ಮೊಬೈಲ್ ರಿಪೇರಿ ಅಂಗಡಿ. ನಾನು ವರ್ಕಾಡಿಯಿಂದ ದಿನಾ ಎರಡು ಬಸ್ಸು ಹತ್ತಿ ಬಂದ್ಯೋಡಿನಲ್ಲಿ ಇಳಿದು, ಅಲ್ಲಿಂದ ಒಳಗಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಮೂರನೆಯವನು ಕಿಶೋರ, ಶಾರ್ಜಾದಲ್ಲಿ ಒಂದು ಗೋದಾಮಿನ ಲೆಕ್ಕ ನೋಡುತ್ತಾನೆ. ಮೂವರೂ ಒಂದೇ ಬೆಂಚಿನವರು. ವರ್ಷಕ್ಕೊಮ್ಮೆ ಕಿಶೋರ ಬಂದಾಗ ಭೇಟಿ, ಉಳಿದಂತೆ ವಾಟ್ಸಾಪಿನಲ್ಲಿ ಶುಭೋದಯದ ಹೂವು. ಹೀಗಿರುವಾಗ ಹಂಝನೇ ಒಂದು ದಿನ ನನ್ನ ಫೋನು ರಿಪೇರಿ ಮಾಡಿ ಕೊಡುವಾಗ ಕೇಳದೆಯೇ ಈ ಆಟವನ್ನು ಅದರೊಳಗೆ ಹಾಕಿ ಕೊಟ್ಟ. "ಹೂ ಕಳಿಸಿದ್ದು ಸಾಕು ಮಾರಾಯ. ಆದಿತ್ಯವಾರ ಮಧ್ಯಾಹ್ನ ಊಟ ಆಗಿ ಬಾ, ಮೂರು ಜನ ಒಂದು ಮನೆ ಕಟ್ಟುವ," ಎಂದ. ನಾವು ಮೂವರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ದ್ವೀಪದ ಕಡಲ ಬದಿಯಲ್ಲಿ ನೀವು ಮೈಮೇಲೆ ಬಟ್ಟೆಯಿಲ್ಲದೆ, ಕೈಯಲ್ಲಿ ಒಂದು ಕಲ್ಲು ಹಿಡಿದು ಏಳುತ್ತೀರಿ. ಹಸಿವಾಗುತ್ತದೆ, ಚಳಿಯಾಗುತ್ತದೆ, ಕರಡಿ ಬರುತ್ತದೆ. ಮರ ಕಡಿದು ಗುಡಿಸಲು ಕಟ್ಟಬೇಕು, ಬೇಟೆಯಾಡಿ ಬೇಯಿಸಿ ತಿನ್ನಬೇಕು. ಕರಡಿಯಾದರೂ ಪರವಾಗಿಲ್ಲ, ಅದೇ ದ್ವೀಪದಲ್ಲಿ ನಿಮ್ಮ ಹಾಗೆಯೇ ಬತ್ತಲೆ ಎದ್ದ ನೂರಾರು ಮನುಷ್ಯರಿರುತ್ತಾರೆ, ಅವರು ನೀವು ಕಟ್ಟಿದ್ದನ್ನು ಒಡೆದು ಕೂಡಿಟ್ಟದ್ದನ್ನು ಹೊತ್ತುಕೊಂಡು ಹೋಗುತ್ತಾರೆ. ಅವರು ಯಾರು, ಎಲ್ಲಿಯವರು ಎಂದು ಮುಖ ನೋಡಿ ಹೇಳಲಿಕ್ಕಾಗದು, ಎಲ್ಲರಿಗೂ ಒಂದೇ ಮುಖ. ಸತ್ತ ಮೇಲೆ ಮಾತ್ರ ಹೆಸರು ತೋರಿಸುವುದು ಈ ಆಟದ ಕ್ರಮ. ಎಷ್ಟೋ ಜನರ ಪೂರ್ತಿ ಹೆಸರು ನನಗೆ ಪೇಪರಿನ ಶ್ರದ್ಧಾಂಜಲಿ ನೋಡಿಯೇ ಗೊತ್ತಾದದ್ದರಿಂದ ಈ ಕ್ರಮ ನನಗೆ ಹೊಸತೆನಿಸಲಿಲ್ಲ.

ಗುಂಪಿನಲ್ಲಿ ಆಡುವುದೆಂದರೆ ಕೆಲಸ ಹಂಚಿಕೊಳ್ಳುವುದು. ಹಂಝ ಕಲ್ಲು ಒಡೆದು ಕಬ್ಬಿಣ ತರುತ್ತಿದ್ದ. ಕಿಶೋರ ಬೇಟೆಗೆ ಹೋಗುತ್ತಿದ್ದ. ನನ್ನನ್ನು ಎರಡು ವಾರ ಎರಡೂ ಕೆಲಸಕ್ಕೆ ಹಾಕಿ ನೋಡಿದರು. ಕಲ್ಲು ಒಡೆಯಲು ಹೋದವನು ದಾರಿ ತಪ್ಪಿದೆ. ಬೇಟೆಗೆ ಹೋದವನು ಹಂದಿಯಿಂದ ಸತ್ತು ಮತ್ತೆ ಕಡಲ ಬದಿಯಲ್ಲಿ ಎದ್ದೆ. ಮತ್ತೆ ಇಬ್ಬರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ನನಗೆ ನೋವಾಗದಂತೆ, "ನೀನು ಮನೆಯಲ್ಲೇ ಇರು. ಮಾಂಸ ಬೇಯಿಸು, ಬಾಗಿಲು ಕಾಯಿ," ಎಂದರು. ಇಪ್ಪತ್ತಾರು ವರ್ಷ ಸರ್ವಿಸ್ ಆದ ಮೇಷ್ಟ್ರಿಗೆ ಬಾಗಿಲು ಕಾಯುವ ಕೆಲಸ. ಆದರೆ ಸತ್ಯ ಹೇಳಬೇಕಲ್ಲ, ನನಗೆ ಅದು ಒಗ್ಗಿತು. ಅವರಿಬ್ಬರು ಹೊರಗೆ ಕಾಡಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ತಿರುಗುವುದನ್ನು ಕಿವಿಯಲ್ಲಿ ಕೇಳುತ್ತಾ ಒಲೆಯ ಮುಂದೆ ಕೂತಿರುವಾಗ ಏಳನೇ ಕ್ಲಾಸಿನ ಬೆಂಚಿನಲ್ಲಿ ಕೂತ ಹಾಗೆಯೇ ಆಗುತ್ತಿತ್ತು.

ಅಷ್ಟಕ್ಕೆ ನಿಲ್ಲಬೇಕಿತ್ತು. ಆದರೆ ಮೊದಲೇ ಹೇಳಿದೆನಲ್ಲ ನನ್ನ ದೋಷ. ವಾರದ ನಡುವೆ, ಸಂಜೆ ಶಾಲೆಯಿಂದ ಬಂದು ಚಾ ಕುಡಿದ ಮೇಲೆ, ನಾನು ಒಬ್ಬನೇ ಆ ದ್ವೀಪದ ಇನ್ನೊಂದು ತುದಿಗೆ ಹೋಗಿ ನನ್ನದೇ ಒಂದು ಗುಡಿಸಲು ಕಟ್ಟಲು ಸುರು ಮಾಡಿದೆ. ಅಲ್ಲಿ ನನಗೆ ಯಾರೂ ಹೇಳುವವರಿಲ್ಲ, ಕೇಳುವವರಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಗೋಡೆ ಓರೆಯಾದರೂ ಓರೆ ನನ್ನದು. ಆಟದ ಸದ್ದನ್ನು ಪೂರ್ತಿ ಬಂದ್ ಮಾಡಿ, ಹತ್ತಿರ ಬಂದವರ ಸ್ವರವೂ ಕೇಳದ ಆ ಮೌನದಲ್ಲಿ ಮರ ಕಡಿಯುತ್ತಾ ಕೂತರೆ ಹೆಡ್ಮಾಷ್ಟ್ರು ಕೇಳಿದ ಪಟ್ಟಿಗಳೆಲ್ಲ ಮರೆತು ಹೋಗುತ್ತಿದ್ದವು. ನನ್ನ ಹೆಂಡತಿ ಜಯಂತಿ ಒಮ್ಮೆ ಹಿಂದಿನಿಂದ ಬಂದು ನೋಡಿ, "ಇಲ್ಲಿ ಗೇಟು ಕಳಚಿ ಬಿದ್ದು ಎರಡು ತಿಂಗಳಾಯ್ತು. ನೀವು ಅಲ್ಲಿ ಗೋಡೆ ಕಟ್ಟಿ," ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಇನ್ನೊಂದು ಮರ ಕಡಿದೆ.

ವಾರದಲ್ಲಿ ಆರು ದಿನ ಏಕಾಂಗಿ, ಆದಿತ್ಯವಾರ ಗುಂಪು: ಇದು ನಾನು ಕಂಡುಕೊಂಡ ಸಮತೋಲನ. ಹಂಝನಿಗೆ ಅದು ಹಿಡಿಸಲಿಲ್ಲ. "ಆರು ದಿನ ಕಡಿದ ಮರದಲ್ಲಿ ಒಂದು ತುಂಡಾದರೂ ಇಲ್ಲಿಗೆ ತಂದಿದ್ದೀಯಾ? ಊಟಕ್ಕೆ ಮಾತ್ರ ಕುಟುಂಬದ ತರವಾಡು ಮನೆ, ಮಲಗಲಿಕ್ಕೆ ಬೇರೆ ಮನೆ," ಎಂದು ನಗುತ್ತಲೇ ಹೇಳಿದ. ನಗುತ್ತಾ ಹೇಳಿದ್ದಕ್ಕೆ ಬೆಲೆ ಕೊಡಬಾರದೆಂದು ನಾನೂ ನಕ್ಕೆ. ಈಗ ಯೋಚಿಸಿದರೆ ಅವನು ಮರದ ತುಂಡಿನ ಬಗ್ಗೆ ಮಾತಾಡಿದ್ದಲ್ಲ.

ಇನ್ನು ಆ ಅನಾಹುತದ ಕಥೆ. ಅದಕ್ಕೆ ಮೊದಲು ನಮ್ಮ ಕಡೆಯ ಒಂದು ಮರ್ಯಾದೆಯನ್ನು ಹೇಳಬೇಕು. ನಮ್ಮಲ್ಲಿ ಅಂಗಳಕ್ಕೆ ಯಾರು ಬಂದರೂ, ಕರೆಂಟ್ ಬಿಲ್ಲಿನವರಾಗಲಿ, ದಾರಿ ಕೇಳುವವರಾಗಲಿ, ಮೊದಲು ಕೇಳುವ ಮಾತು "ಕುಡಿಯಲಿಕ್ಕೆ ಎಂತ?" ಎಂಬುದು. ಬಂದವರು "ಎಂತದೂ ಬೇಡ, ಈಗ ಕುಡಿದೇ ಬಂದದ್ದು" ಎನ್ನಬೇಕು. ನೀರಿಲ್ಲದೆ ನಾಲಿಗೆ ಅಂಟಿಕೊಂಡಿದ್ದರೂ ಮೊದಲ ಸಲ ಹಾಗೆಯೇ ಹೇಳಬೇಕು. ಆಗ ಮನೆಯವರು ಎರಡನೆಯ ಸಲ ಒತ್ತಾಯ ಮಾಡಬೇಕು. "ಹಾಗಾದರೆ ಸ್ವಲ್ಪ ನೀರು ಸಾಕು" ಎಂದು ಬಂದವರು ಜಗಲಿ ಹತ್ತಬೇಕು. ಬೆಲ್ಲ ಬರುತ್ತದೆ, ನೀರು ಬರುತ್ತದೆ, ಆಮೇಲೆ ಚಾ ಬರುತ್ತದೆ. ಮೊದಲ ಸಲವೇ "ಹೂಂ, ಕೊಡಿ" ಎಂದವನನ್ನು ನನ್ನ ಅಮ್ಮ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿದ್ದಳು.

ಒಂದು ಆದಿತ್ಯವಾರ ಹಂಝ ಮತ್ತು ಕಿಶೋರ ದೂರ ಹೋಗಿದ್ದರು. ನಾನು ಒಲೆಯ ಮುಂದೆ. ಬಾಗಿಲ ಹೊರಗೆ ಒಬ್ಬ ಬಂದು ನಿಂತ. ಮೈಮೇಲೆ ಹರಕು ಬಟ್ಟೆ, ಕೈ ಖಾಲಿ. ನನಗೆ ಗೊತ್ತಿಲ್ಲದೆಯೇ ಬೆರಳುಗಳು ಇಂಗ್ಲಿಷಿನಲ್ಲಿ ಟೈಪು ಮಾಡಿದವು: ನೀರು ಬೇಕಾ? ಅವನು ಬರೆದ: ಬೇಡ, ಥ್ಯಾಂಕ್ಸ್. ನನ್ನ ಎದೆ ತುಂಬಿ ಬಂತು. ಯಾವ ದೇಶದವನೋ ಏನೋ, ಎಂಥಾ ಸಂಸ್ಕಾರ! ಮೊದಲ ಸಲ ಬೇಡ ಅಂದನಲ್ಲ! ಇನ್ನು ಒತ್ತಾಯ ಮಾಡದಿದ್ದರೆ ನನ್ನ ಮರ್ಯಾದೆಗೆ ಕಡಿಮೆ. ಬಾ ಬಾ, ಒಳಗೆ ಬಾ, ಮಾಂಸವೂ ಉಂಟು ಎಂದು ಬರೆದು, ಎರಡೂ ಕಬ್ಬಿಣದ ಬಾಗಿಲು ತೆರೆದೆ. ಅವನು ಒಳಗೆ ಬಂದ. ಅವನ ಹಿಂದೆ ಪೊದೆಯಿಂದ ಇನ್ನೂ ನಾಲ್ಕು ಮಂದಿ ಬಂದರು. ನನ್ನನ್ನು ನನ್ನ ಒಲೆಯ ಮುಂದೆಯೇ ಕೊಂದು, ಮೂರು ತಿಂಗಳು ಕೂಡಿಟ್ಟದ್ದನ್ನೆಲ್ಲ ಎತ್ತಿಕೊಂಡು, ಬೇಯಿಸಿದ ಮಾಂಸವನ್ನೂ ಬಿಡದೆ, ಹೋಗುವಾಗ ಬಾಗಿಲುಗಳನ್ನು ಕೂಡ ಕಿತ್ತುಕೊಂಡು ಹೋದರು.

ಹಂಝ ತುಳುವಿನಲ್ಲಿ ಹತ್ತು ನಿಮಿಷ ಬೈದ. ಅದನ್ನು ತಡೆದುಕೊಂಡೆ, ಗೆಳೆತನ ಇದ್ದಲ್ಲಿ ಬೈಗುಳವೂ ಇರುತ್ತದೆ. ಆಮೇಲೆ ಒಮ್ಮೆಲೇ ಕನ್ನಡದಲ್ಲಿ, ಪಿಟಿಎ ಮೀಟಿಂಗಿಗೆ ಬಂದವನ ಹಾಗೆ ಹೇಳಿದ: "ಮಾಷೆ, ಇದು ನಿಮ್ಮ ಮನೆಯ ಜಗಲಿ ಅಲ್ಲ. ನೀವು ಒಬ್ಬರೇ ಆಡುವುದೇ ಒಳ್ಳೆಯದು." ನಲವತ್ತು ವರ್ಷದಲ್ಲಿ ಅವನು ನನಗೆ 'ನೀವು' ಅಂದದ್ದು ಅದೇ ಮೊದಲು. ಅದು ನನಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ತಪ್ಪಾಯಿತು ಅನ್ನುವುದು ಬಿಟ್ಟು, "ನನಗೂ ಬೇಕಾದದ್ದು ಅದೇ," ಎಂದು ನಾನೂ ಕನ್ನಡದಲ್ಲೇ ಹೇಳಿದೆ. ಕಿಶೋರ ಶಾರ್ಜಾದಿಂದ "ಎಂತ ಮಾರಾಯರೇ, ಚಿಕ್ಕ ಮಕ್ಕಳ ಹಾಗೆ" ಎಂದು ಎರಡು ವಾರ ಸಂಧಾನ ಮಾಡಿ, ಆಗದೆ, ಅವನೂ ಆಡುವುದನ್ನು ಬಿಟ್ಟ. ನಮ್ಮ ಗುಂಪಿನಲ್ಲಿ ಶುಭೋದಯದ ಹೂವೂ ನಿಂತಿತು.

ಆಮೇಲಿನ ನಾಲ್ಕು ತಿಂಗಳು ನಾನು ನನ್ನ ಗುಡಿಸಲಿನಲ್ಲಿ ಪೂರ್ಣ ಏಕಾಂಗಿ. ಯಾವುದನ್ನು ಬೇಕು ಬೇಕು ಎಂದು ಕದ್ದು ಆಡುತ್ತಿದ್ದೆನೋ ಅದು ಈಗ ಬೇಕಾದಷ್ಟು ಸಿಕ್ಕಿತು, ಸಿಕ್ಕಿದ ಮೇಲೆ ರುಚಿಯೇ ಇಲ್ಲ. ಒಬ್ಬನೇ ಆಡುವುದರ ಸುಖವೆಲ್ಲ ಆದಿತ್ಯವಾರ ಯಾರೋ ಕಾಯುತ್ತಿರುತ್ತಾರೆ ಎಂಬುದರಲ್ಲಿ ಇತ್ತೆಂದು ಆಗ ಗೊತ್ತಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಕದಿಯಲು ಏನೂ ಇಲ್ಲದ ಆ ಗುಡಿಸಲಿಗೆ ನಾಲ್ಕು ಬೀಗ ಹಾಕಿದೆ. ಕಿಟಕಿಯಲ್ಲಿ ಬಿಲ್ಲು ಹಿಡಿದು ಕೂರಲು ಕಲಿತೆ. ದಿನಾ ಬೆಳಿಗ್ಗೆ ಬಂದ್ಯೋಡಿನಲ್ಲಿ ಬಸ್ಸು ಇಳಿದಾಗ ಹೆದ್ದಾರಿಯ ಆಚೆ ಬದಿ ಹಂಝನ ಅಂಗಡಿ ಕಾಣುತ್ತಿತ್ತು. ಹಿಂದೆ ಆಗಿದ್ದರೆ ಎಡ ಬಲ ನೋಡಿ ಓಡಿ ದಾಟಿದರೆ ಅವನ ಅಂಗಡಿ. ಈಗ ರಸ್ತೆ ಅಗಲವಾಗಿ ನಡುವೆ ಗೋಡೆ ಎದ್ದಿದೆ, ದಾಟಬೇಕಾದರೆ ಹೆದ್ದಾರಿಯ ಅಡಿಯಲ್ಲಿ ಹಾಯುವ ಕೆಳಗಿನ ದಾರಿಯವರೆಗೆ ನಡೆದು ಸುತ್ತಿ ಬರಬೇಕು. ಎಷ್ಟು ಒಳ್ಳೆಯ ನೆಪ! ನಾಲ್ಕು ತಿಂಗಳು ನಾನು ಆ ಗೋಡೆಯ ಮೇಲೆಯೇ ತಪ್ಪು ಹೊರಿಸಿದೆ.

ಕಳೆದ ಶನಿವಾರ ಸಂಜೆ ಗುಡಿಸಲಿನ ಅಂಗಳಕ್ಕೆ ಒಬ್ಬ ಬಂದ. ಮೆಟ್ಟಿಲು ಹತ್ತಲಿಲ್ಲ, ಗೋಡೆಗೆ ಕೈ ಹಾಕಲಿಲ್ಲ. ಅಂಗಳದ ನಡುವೆ ನಿಂತ. ಸ್ವಲ್ಪ ಕೂತ, ಎದ್ದ, ಅತ್ತ ಇತ್ತ ನೋಡಿದ. ಐದು ನಿಮಿಷ ಹಾಗೆಯೇ. ಕಳ್ಳ ಯಾವತ್ತಾದರೂ ಅಂಗಳದಲ್ಲಿ ನಿಂತು ಕಾಯುತ್ತಾನಾ? ಕರೆಯದೆ ಜಗಲಿ ಹತ್ತದವರು ಎಲ್ಲಿಯವರು ಎಂದು ಸಮಾಜ ಪಾಠದ ಮೇಷ್ಟ್ರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ನೆನಪಿದ್ದದ್ದು ಒಂದೇ, ಇದು ನಿಮ್ಮ ಮನೆಯ ಜಗಲಿ ಅಲ್ಲ ಎಂಬ ಮಾತು. ಗುರಿ ಇಟ್ಟು ಬಾಣ ಬಿಟ್ಟೆ. ಜೀವಮಾನದಲ್ಲಿ ನನ್ನ ಗುರಿ ಸರಿಯಾದದ್ದು ಅದೊಂದೇ ಸಲ. ಅವನು ಬಿದ್ದ, ಹೆಸರು ಬಂತು: ಹಂಝ ಬಂದ್ಯೋಡು. ಓಡಿ ಹೋಗಿ ಅವನ ಚೀಲ ಬಿಡಿಸಿದೆ. ಅದರೊಳಗೆ ಬೇಯಿಸಿದ ಮಾಂಸ, ಒಂದು ಬಾಟ್ಲಿ ನೀರು, ಎರಡು ಹೊಸ ಕಬ್ಬಿಣದ ಬಾಗಿಲು.

ಸ್ವಲ್ಪ ಹೊತ್ತಿಗೆ ಅವನ ಮೆಸೇಜ್ ಬಂತು. ನಾಲ್ಕು ತಿಂಗಳಲ್ಲಿ ಮೊದಲನೆಯದು. "ಐದು ನಿಮಿಷ ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆದೆ." ಅಷ್ಟೇ. ನಾನು ಸದ್ದು ಬಂದ್ ಮಾಡಿ ಆಡುವವನು. ಅದನ್ನು ಬರೆದು ತಿಳಿಸಲು ಹೊರಟೆ, ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ಬರೆದು ಮುಗಿಯುವ ಸಂಗತಿ ಅಲ್ಲ, ಹೋಗಿ ಮುಖ ನೋಡಿಯೇ ಹೇಳಬೇಕು ಅನ್ನಿಸಿತು. ಜಯಂತಿಯ ಹತ್ತಿರ ಎಲ್ಲ ಹೇಳಿದೆ. ಅವಳು ಮೊದಲು ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಮನೆಗೆ ಬಂದವರನ್ನು ಕೊಂದಿರಲ್ಲ," ಎಂದಳು.

ಸೋಮವಾರ ಅರ್ಧ ದಿನ ರಜೆ ಹಾಕಿ ಬಂದ್ಯೋಡಿನಲ್ಲಿ ಇಳಿದು, ಕೆಳಗಿನ ದಾರಿಯಲ್ಲಿ ಸುತ್ತಿ ಬಂದು ಅಂಗಡಿಯ ಮುಂದೆ ನಿಂತೆ. ಹಂಝ ಒಳಗೆ ಒಂದು ಫೋನು ಬಿಚ್ಚಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದ, ಕಿವಿಯಲ್ಲಿ ಇಯರ್‌ಫೋನು. ನಾನು ಮೆಟ್ಟಿಲು ಹತ್ತಲಿಲ್ಲ. ಒಮ್ಮೆ ಕೆಮ್ಮಿದೆ. ಹೆಸರು ಹಿಡಿದು ಕರೆದೆ. ಲಾರಿಗಳು ಹೋದವು, ಧೂಳು ಬಂತು, ಬಿಸಿಲಿಗೆ ಗಂಟಲು ಒಣಗಿ ಕಡ್ಡಿಯಾಯಿತು. ಐದು ನಿಮಿಷವಾದರೂ ಆಗಿರಬೇಕು. ನ್ಯಾಯವೇ ಎಂದು ನಿಂತೆ. ಕೊನೆಗೆ ತಲೆ ಎತ್ತಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇಯರ್‌ಫೋನು ತೆಗೆದು, ಕನ್ನಡದಲ್ಲಿ ಕೇಳಿದ:

"ಬನ್ನಿ ಮಾಷೆ. ಕುಡಿಯಲಿಕ್ಕೆ ಎಂತ?"

ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಗಂಟಲಿನಲ್ಲಿ ಇತ್ತು. ಒಂದು ಲೋಟ ನೀರು ಇಳಿದಿದ್ದರೆ ಅದೂ ಹೊರಗೆ ಬರುತ್ತಿತ್ತು. ಆದರೆ ಐವತ್ತೊಂದು ವರ್ಷದ ನಾಲಿಗೆ ನನ್ನನ್ನು ಕೇಳದೆಯೇ, "ಎಂತದೂ ಬೇಡ, ಈಗ ಮನೆಯಿಂದ ಕುಡಿದೇ ಬಂದದ್ದು," ಎಂದುಬಿಟ್ಟಿತು.

ಹೇಳಿ, ಎರಡನೆಯ ಸಲ ಕೇಳುತ್ತಾನೆಂದು ಕಾದು ನಿಂತೆ. ಹಂಝ "ಆಯ್ತು" ಎಂದು ಇಯರ್‌ಫೋನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.