ಪುಕ್ಕಲನ ಬಯೋಡೇಟಾ

ಅವಕಾಶ ಹೇಳಿ ಕೇಳಿ ಬರುವುದಿಲ್ಲ, ಸದಾ ಸಿದ್ಧರಾಗಿರಬೇಕು ಎಂದು ಬಲ್ಲವರು ಹೇಳುತ್ತಾರೆ. ನಾನು ಸಿದ್ಧನಾಗಿ ಕೂತ ದಿನ ಅದು ನಮ್ಮ ಬೀದಿಗೇ ಕಾಲಿಡುವುದಿಲ್ಲ. ಲುಂಗಿ ಉಟ್ಟು ತಾರಸಿ ಮೇಲೆ ನಿಂತ ದಿನ ಓಡೋಡಿ ಬರುತ್ತದೆ. ಹೋದ ವರ್ಷವಿಡೀ ನನಗೆ ಇಂಥವೇ ಆದವು.

ಜಾಲಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಸೂಪರ್‌ವೈಸರ್ ಆಗಿದ್ದೆ. ಆಷಾಢದಲ್ಲಿ ಒಂದು ದಿನ ಮಾಲೀಕರು ಎಲ್ಲರನ್ನೂ ಕರೆದು, ಸಂಕ್ರಾಂತಿ ಹೊತ್ತಿಗೆ ಕಾರ್ಖಾನೆ ಗುಜರಾತಿಗೆ ಹೋಗುತ್ತದೆ, ಬರುವವರು ಬರಬಹುದು ಎಂದರು. ಮಗಳು ಪಿಯುಸಿ ಓದುತ್ತಿದ್ದಾಳೆ, ಹೆಂಡತಿಗೆ ಯಲಹಂಕದ ಶಾಲೆಯಲ್ಲಿ ಕೆಲಸ. ನಾನು ಎಲ್ಲಿಗೆಂದು ಹೋಗಲಿ? ಐವತ್ತರ ಹತ್ತಿರ ಬಂದವನಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಮೊದಲೇ ನಾನು ಪುಕ್ಕಲ. ಮನೆಗೆ ಬೀಗ ಹಾಕಿ ಬಸ್ ಸ್ಟಾಪ್ ತನಕ ಹೋದವನು, ಗ್ಯಾಸ್ ಆಫ್ ಮಾಡಿದ್ದೇವೋ ಇಲ್ಲವೋ ನೋಡಲು ವಾಪಸ್ ಬರುವ ಪೈಕಿ.

ಸ್ಟ್ರೆಂತು, ವೀಕ್ನೆಸ್ಸು

ಕೆಲಸ ಬಿಡುವವರಿಗೆ ಅನುಕೂಲವಾಗಲಿ ಎಂದು ಮಾಲೀಕರು ಒಬ್ಬ ಮೇಡಂ ಅವರನ್ನು ಕರೆಸಿ ತರಬೇತಿ ಕೊಡಿಸಿದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು, ಅಷ್ಟೆ.

"ಫಸ್ಟು ನಿಮ್ಮನ್ನ ನೀವು ತಿಳ್ಕೋಬೇಕು. ನಿಮ್ಮ ಸ್ಟ್ರೆಂತ್ ಏನು, ವೀಕ್ನೆಸ್ ಏನು, ಒಬ್ಬೊಬ್ರೇ ಹೇಳಿ" ಎಂದರು.

ಲೇತ್ ಮೆಷಿನ್ ನೋಡಿಕೊಳ್ಳುವ ನನ್ನ ಗೆಳೆಯ ಮೊದಲು ಎದ್ದ. "ಮುದ್ದೆ, ನಾಟಿ ಕೋಳಿ ಸಾರು ಸ್ಟ್ರೆಂತು ಮೇಡಂ. ಅದು ಸಿಗ್ದೇ ಇದ್ರೆ ವೀಕ್ನೆಸ್ಸು" ಎಂದು ಹೇಳಿ ಕೂತೇಬಿಟ್ಟ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ನನ್ನ ಸರದಿ ಬಂತು.

"ನಾಳೆ ಹೇಳ್ತೀನಿ ಮೇಡಂ. ಮನೇಲಿ ಒಂದ್ ಮಾತು ಕೇಳ್ಕೊಂಡ್ ಬರ್ತೀನಿ" ಎಂದೆ.

ಮನೆಗೆ ಹೋದಾಗ ಹೆಂಡತಿ ದೋಸೆ ಹಾಕುತ್ತಿದ್ದಳು. "ನನ್ನ ಸ್ಟ್ರೆಂತ್ ಏನೇ?" ಎಂದೆ. ಅವಳು ಕಾವಲಿಯಿಂದ ಕಣ್ಣು ತೆಗೆಯದೆ ಬಹಳ ಹೊತ್ತು ಯೋಚಿಸಿ, "ತೆಂಗಿನಕಾಯಿ ಚೆನ್ನಾಗಿ ಸುಲೀತೀರಿ" ಎಂದಳು.

"ವೀಕ್ನೆಸ್ಸು?" ಎಂದು ಕೇಳಿದೆ. ಅವಳು ಸ್ಟವ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು.

ಮದುವೆ ಊಟ

ಸಿದ್ಧನಾಗಿರಬೇಕಲ್ಲ, ಹಾಗಾಗಿ ಎಲ್ಲಿ ಹೋದರೂ ಬ್ಯಾಗಿನಲ್ಲಿ ಇಸ್ತ್ರಿ ಮಾಡಿದ ಶರ್ಟು, ಬಯೋಡೇಟಾ ಇಟ್ಟುಕೊಂಡು ಓಡಾಡತೊಡಗಿದೆ. "ನಿಮ್ಮ ಬಗ್ಗೆ ಹೇಳಿ" ಎಂದರೆ ಹೇಳಬೇಕಾದ ನಾಲ್ಕು ಮಾತನ್ನು ಬಾಯಿಪಾಠ ಮಾಡಿದೆ. ಶ್ರಾವಣದಲ್ಲಿ ಆರ್.ಟಿ. ನಗರದ ಛತ್ರವೊಂದರಲ್ಲಿ ಹೆಂಡತಿ ಕಡೆಯವರ ಮದುವೆಯಿತ್ತು. ಊಟದ ಸಾಲಿನಲ್ಲಿ ಪಕ್ಕಕ್ಕೆ ಒಬ್ಬ ಹಿರಿಯರು ಕೂತರು. ಮಾಕಳಿಯಲ್ಲಿ ಹೊಲವಿದ್ದ ಕಡೆ ಈಗ ದೊಡ್ಡ ಗೋಡೌನ್ ಕಟ್ಟಿ ವ್ಯವಹಾರ ಮಾಡುವವರು.

"ಏನ್ ಮಾಡ್ಕಂಡಿದೀರಾ?" ಎಂದರು. ಹೇಳಿದೆ. "ಅಂಗಾ? ನಮ್ ಸ್ಟೋರ್ಸಿಗೂ ಜನ ಬೇಕು ಕಣ್ರೀ. ನಿಮ್ ಬಗ್ಗೆ ಒಸಿ ಏಳಿ" ಎಂದರು.

"ಸಾರ್, ನಾನು..." ಎಂದೆ. "ಕೋಸಂಬರಿ?" ಎಂದು ಬಡಿಸುವವನು ಅಡ್ಡ ಬಂದ. "ಸಾರ್, ನಾನು ಈ ಕ್ಷೇತ್ರದಲ್ಲಿ..." ಎಂದೆ. "ಹೋಳಿಗೆಗೆ ತುಪ್ಪಾನಾ, ಹಾಲಾ?" ಎಂದ ಇನ್ನೊಬ್ಬ. ಮೂರನೆಯ ಸಲ ಬಾಯಿ ತೆರೆದಾಗ, ಸಾಂಬಾರಿನ ಬಕೆಟ್ ಹಿಡಿದವನು ಒದ್ದೆ ನೆಲದಲ್ಲಿ ಸರಸರ ಬರುವುದು ಕಂಡಿತು. ಅಲಂಕಾರಕ್ಕೆ ಹಾಕಿದ್ದ ಸೀರಿಯಲ್ ಸೆಟ್ ದೀಪಗಳ ವೈರು ಅವನ ಕಾಲ ಬುಡದಲ್ಲೇ ಬಿದ್ದಿತ್ತು. "ಅಯ್ಯೋ, ನಿಂತ್ಕೊಳಪ್ಪಾ! ವೈರು! ವೈರು!" ಎಂದು ಕೂಗಿಬಿಟ್ಟೆ. ಅವನು ನಿಂತ. ಓಲಗದವರೂ ನಿಲ್ಲಿಸಿದರು.

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಳಾ ಎದರ್ತೀರಿ ಕಣ್ರೀ ನೀವು" ಎಂದರು. ಇನ್ನಾದರೂ ನಾಲ್ಕು ಮಾತು ಹೇಳೋಣವೆಂದರೆ, ಮುಂದಿನ ಪಂಕ್ತಿಗೆ ಕಾದು ಬೆನ್ನ ಹಿಂದೆ ನಿಂತಿದ್ದ ದಪ್ಪನೆಯ ಆಂಟಿ ನನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, "ಆಯ್ತಾ? ಏಳ್ತೀರಾ?" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡನೇ ಹೋಳಿಗೆಯೂ ಬರಲಿಲ್ಲ.

ಖಂಡಿತ ಸಾರ್

ಸುದ್ದಿ ಕೇಳಿ ಲೇತ್ ಗೆಳೆಯ ಟೀ ಅಂಗಡಿ ಮುಂದೆ ಕ್ಲಾಸ್ ತಗೊಂಡ. "ನೀನು ನೀನಾಗಿದ್ರೆ ಕೆಲ್ಸ ಸಿಗಲ್ಲ ಗುರು. ಏನ್ ಕೇಳಿದ್ರೂ 'ಖಂಡಿತ ಸಾರ್' ಅನ್ನು. ಕಾನ್ಫಿಡೆನ್ಸು ಇಂಪಾರ್ಟೆಂಟು."

ಹೆಬ್ಬಾಳದ ಹತ್ತಿರ ಒಂದು ಕಂಪನಿಯಿಂದ ಇಂಟರ್‌ವ್ಯೂ ಬಂತು. "ಕಂಪ್ಯೂಟರ್ ಬರುತ್ತಾ?" "ಖಂಡಿತ ಸಾರ್." "ತಮಿಳು?" "ಖಂಡಿತ ಸಾರ್." "ಸಾಮಾನು ಎತ್ತೋ ಫೋರ್ಕ್‌ಲಿಫ್ಟ್ ಗಾಡಿ ಓಡಿಸ್ತೀರಾ?" "ಖಂಡಿತ ಸಾರ್."

ಆ ಮನುಷ್ಯ ಬಹಳ ಸಂತೋಷದಿಂದ ಎದ್ದು, "ಬನ್ನಿ, ಹೊರಗೇ ನಿಂತಿದೆ, ಓಡ್ಸಿ ನೋಡೋಣ" ಎಂದ.

ಹತ್ತಿ ಕೂತೆ. ಓಡಿಸಲು ಬರುವುದಿಲ್ಲ ಎನ್ನಲು ನಾಚಿಕೆ, ಓಡಿಸಲು ಪ್ರಾಣಭಯ. ಹಾಗಾಗಿ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ಚೆಕ್ ಮಾಡುತ್ತಾ ಹೋದೆ. ಹಾರ್ನ್ ನೋಡಿದೆ, ಕನ್ನಡಿ ನೋಡಿದೆ, ಇಳಿದು ಟೈರ್ ಒತ್ತಿ ನೋಡಿದೆ, ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯೇ ನೋಡಿದೆ. ಮತ್ತೆ ಹತ್ತಿ ಹಾರ್ನಿನಿಂದ ಶುರು ಮಾಡಿದೆ. ಊಟದ ಬೆಲ್ ಹೊಡೆದಾಗ ಗಾಡಿ ನಿಂತಲ್ಲೇ ಇತ್ತು. ಇಂಟರ್‌ವ್ಯೂ ಮಾಡುವವನು ಮಾತ್ರ ಇರಲಿಲ್ಲ.

ತಾರಸಿಯಿಂದ ಮಾಕಳಿಗೆ

ಆಯುಧ ಪೂಜೆಯೂ ಮುಗಿಯಿತು, ಸಂಕ್ರಾಂತಿ ಹತ್ತಿರ ಬಂತು. ಬ್ಯಾಗಿನ ಶರ್ಟು ಮುದುರಿಹೋಯಿತು, ನಾನೂ ಹಾಗೇ ಆಗಿದ್ದೆ. ಒಂದು ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ತಾರಸಿ ಮೇಲೆ ನೀರಿನ ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ನೋಡುತ್ತಿದ್ದಾಗ ಫೋನ್ ಬಂತು. "ಮಾಕಳಿ ಗೋಡೌನಿಂದ ಮ್ಯಾನೇಜರ್ ಮಾತಾಡ್ತಿರೋದು. ಸ್ಟೋರ್ಸ್ ಕೆಲ್ಸಕ್ಕೆ ಇವತ್ತೇ ಬರ್ತೀರಾ?"

ಇದೂ ತಪ್ಪಿದರೆ ಇನ್ನೇನೂ ಉಳಿದಿಲ್ಲ ಎಂದು ಗೊತ್ತಿತ್ತು. ಏನೇ ಕಂಡರೂ ಬಾಯಿ ಬಿಡಬಾರದು ಎಂದು ದಾರಿಯುದ್ದಕ್ಕೂ ನನಗೇ ಆಣೆ ಹಾಕಿಕೊಂಡೆ.

ಮ್ಯಾನೇಜರ್ ಎದುರು ಕೂತೆ. ರೂಮಿನ ಬಾಗಿಲು ಮುಚ್ಚದ ಹಾಗೆ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಅದಕ್ಕೆ ಒತ್ತಿ ಇಟ್ಟಿದ್ದರು. ಆಯುಧ ಪೂಜೆಯಲ್ಲಿ ಬಳಿದ ವಿಭೂತಿ, ಕುಂಕುಮ ಅದರ ಒತ್ತಡ ತೋರಿಸುವ ಮೀಟರಿನ ಗಾಜಿನ ಮೇಲೆ ದಪ್ಪಗೆ ಒಣಗಿ ಮುಳ್ಳೇ ಕಾಣುತ್ತಿರಲಿಲ್ಲ. ಎಳೆಯಬೇಕಾದ ಪಿನ್ನಿಗೆ ಹೂವಿನ ಹಾರದ ದಾರ ಏಳು ಸುತ್ತು ಬಿಗಿದಿದ್ದರು.

"ನಿಮ್ಮ ಸ್ಟ್ರೆಂತ್ ಏನು?" ಎಂದು ಮ್ಯಾನೇಜರ್ ಕೇಳಿದ.

ತಡೆದುಕೊಳ್ಳಲು ಆಗಲೇ ಇಲ್ಲ. "ಸಾರ್, ಒಂದ್ನಿಮಿಷ" ಎಂದು ಎದ್ದು, ಕರವಸ್ತ್ರದಿಂದ ವಿಭೂತಿ ಒರೆಸಿದೆ. ಮುಳ್ಳು ಕೆಂಪಿನಲ್ಲಿತ್ತು, ಸಿಲಿಂಡರ್ ಖಾಲಿ. ಬೆಳಕಿಗೆ ಹಿಡಿದು ನೋಡೋಣ ಎಂದು ಅದನ್ನು ಎತ್ತಿದೆ.

"ಅದನ್ನ ತೆಗೀಬೇಡ್ರೀ!" ಎಂದು ಮ್ಯಾನೇಜರ್ ಕಿರುಚುವುದಕ್ಕೂ ಬಾಗಿಲು ಧಡಾರನೆ ಮುಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ಒಳಗಿನ ಹಿಡಿ ಮುರಿದು ಯಾವುದೋ ಕಾಲವಾಗಿತ್ತು. ಅದಕ್ಕೇ ಸಿಲಿಂಡರ್ ಕಾವಲು.

"ಆ ಎಮರ್ಜೆನ್ಸಿ ಬಾಗಿಲು?" ಎಂದು ಹಿಂದಿನ ಗೋಡೆಯತ್ತ ಕೈ ತೋರಿಸಿದೆ. ಅದರ ಮುಂದೆ ನೀರಿನ ಕ್ಯಾನುಗಳ ಗೋಡೆ, ಮೇಲೆ ಬೀಗ. "ಕೀ ವಾಚ್‌ಮನ್ ಹತ್ರ ಇದೆ." "ವಾಚ್‌ಮನ್ ಎಲ್ಲಿ?" "ಊರಿಗೆ ಹೋಗಿದಾನೆ."

ಮ್ಯಾನೇಜರ್ ಫೋನ್ ಮಾಡಿದ ಮೇಲೆ ಹೊರಗಿನಿಂದ ಬಾಗಿಲು ತೆರೆಯಿತು. ತೆರೆದವರು ಅದೇ ಮದುವೆ ಊಟದ ಹಿರಿಯರು. ನಾನು ಸಿಲಿಂಡರನ್ನು ಕೂಸಿನ ಹಾಗೆ ಅಪ್ಪಿಕೊಂಡು ನಿಂತಿದ್ದೆ. ಹೇಗೂ ಕೆಲಸ ಹೋಯಿತಲ್ಲ ಎಂದು, ಹೊಟ್ಟೆಯಲ್ಲಿದ್ದ ಭಯವನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಸಿಲಿಂಡರ್ ಖಾಲಿ, ಪಿನ್ನಿಗೆ ಗಂಟು, ಬಾಗಿಲಿಗೆ ಹಿಡಿಯಿಲ್ಲ, ಕೀ ಊರಲ್ಲಿ, ಬರುವ ದಾರಿಯಲ್ಲಿ ರಟ್ಟಿನ ಡಬ್ಬಗಳ ಮೇಲೇ ಬಲ್ಬು.

ಅವರು ಮ್ಯಾನೇಜರ್ ಕಡೆ ತಿರುಗಿ, "ಸ್ಟೋರ್ಸಿಗೆ ಇವ್ರು ಬ್ಯಾಡ" ಎಂದರು. ನಾನು ಸಿಲಿಂಡರ್ ಕೆಳಗಿಡಲು ಬಗ್ಗಿದೆ. "ಸೇಫ್ಟಿ ನೋಡ್ಕಳ್ಳಕ್ಕೆ ಆಕು. ಅವತ್ತು ಸಾಂಬಾರಿಗೇ ಅಂಗ್ ಎದರಿದ್ರಲ್ಲಾ, ಅದ್ಕೇ ಮದ್ವೆ ಮನೆಯವ್ರ ತಾವ ನಂಬರ್ ಇಸ್ಕಂಡು ಕರೆಸಿದ್ದು."

"ಸಾರ್, ನಂಗೆ ಅದ್ರಲ್ಲಿ ಅನುಭವ ಇಲ್ಲ" ಎಂದೆ, ಸುಳ್ಳು ಹೇಳಲು ಭಯವಾಗಿ.

"ಎದರಿಕೆ ಎಷ್ಟು ವರ್ಸದಿಂದ?"

"ಹುಟ್ಟಿದಾಗಿಂದ ಸಾರ್."

"ಮತ್ತೆ ಇನ್ನೇನ್ರೀ ಅನುಭವ? ಟ್ರೈನಿಂಗ್ ನಾವು ಕೊಡಿಸ್ತೀವಿ. ಎದರಿಕೆ ನೀವು ತನ್ನಿ."

ಮನೆಗೆ ಬಂದು ಹೆಂಡತಿಗೆ ಹೇಳುವಾಗ ನನ್ನ ಕಣ್ಣಲ್ಲಿ ನೀರಿತ್ತು. ಅವಳಿಗೂ ಬಂತು. ದೇವರ ಮುಂದೆ ದೀಪ ಹಚ್ಚಿ, ಅದರ ಹತ್ತಿರವಿದ್ದ ಪರದೆಯನ್ನು ನಾನು ಸರಿಸಿಡುವುದನ್ನೇ ನೋಡಿದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟಳು.

"ಅಲ್ಲಾರೀ, ಹೆದರೋದಕ್ಕೆ ಸಂಬಳ ಕೊಡ್ತಾರೆ ಅಂತ ಗೊತ್ತಿಲ್ದೇ, ಇಷ್ಟು ವರ್ಷ ಮನೇಲಿ ಬಿಟ್ಟಿ ಹೆದರಿದ್ರಲ್ಲಾ!"