ಎಲ್ಲರ ತಾತನ ಪಟ

ಚರ್ಚಾಸ್ಪರ್ಧೆಯಲ್ಲಿ ಗೆದ್ದವರಿಗೆ ಬಹುಮಾನದ ಕಪ್ಪಿನ ಜೊತೆಗೆ ಒಂದು ಎಚ್ಚರಿಕೆಯನ್ನೂ ಕೆತ್ತಿಸಿ ಕೊಡಬೇಕು ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಸ್ಪರ್ಧೆಯಲ್ಲಿ ಎದುರಾಳಿ ಎಷ್ಟೇ ಮೂರ್ಖನಾಗಿದ್ದರೂ ಗಂಟೆ ಹೊಡೆದ ಕೂಡಲೇ ಕುಳಿತುಕೊಳ್ಳುತ್ತಾನೆ. ಊರಿನಲ್ಲಿ ಗಂಟೆ ಹೊಡೆಯುವವರಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಸ್ಪರ್ಧೆಯಲ್ಲಿ ಎದುರಾಳಿ ನಮ್ಮ ಮಾತನ್ನು ಖಂಡಿಸುತ್ತಾನೆ, ನಾವು ಅವನ ಖಂಡನೆಯನ್ನು ಖಂಡಿಸುತ್ತೇವೆ, ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಊರಿನ ಜನ ಖಂಡಿಸುವುದಿಲ್ಲ. ನಮ್ಮ ಮಾತನ್ನು ಪೂರ್ತಿ ಒಪ್ಪಿಕೊಂಡು, ಅದನ್ನೇ ಹೆಗಲ ಮೇಲೆ ಹೊತ್ತು ತಂದು ನಮ್ಮ ಜಗಲಿಯ ಮೇಲೆ ಇಳಿಸುತ್ತಾರೆ. ಒಪ್ಪಿಕೊಂಡವನನ್ನು ಸೋಲಿಸುವುದು ಹೇಗೆಂದು ಮೈಸೂರಿನಲ್ಲಿ ಯಾವ ಮೇಷ್ಟರೂ ನನಗೆ ಕಲಿಸಿರಲಿಲ್ಲ.

ನಾನು ಕಾನೂನು ಓದಿ ಮುಗಿಸಿ, ಇನ್ನೂ ಕರಿ ಕೋಟು ಹೊಲಿಸದೆ, ಮಳವಳ್ಳಿಯ ನಮ್ಮ ಬೀದಿಯ ವಾಚನಾಲಯಕ್ಕೆ ಗೌರವ ಕಾರ್ಯದರ್ಶಿಯಾಗಿರುವ ಮನುಷ್ಯ. ಗೌರವ ಎಂದರೆ ಸಂಬಳ ಇಲ್ಲ ಎಂದು ಅರ್ಥ. ಕಾರ್ಯದರ್ಶಿ ಎಂದರೆ ಬೆಳಿಗ್ಗೆ ಬೀಗ ತೆಗೆದು ಕಸ ಗುಡಿಸುವವನು. ಅಧ್ಯಕ್ಷರು ಆಲೆಮನೆ ಬೋರೇಗೌಡರು. ಅವರು ಓದುವುದು ಬೆಲ್ಲದ ಧಾರಣೆಯನ್ನು ಮಾತ್ರ, ಅದನ್ನೂ ಬೇರೆಯವರಿಂದ ಓದಿಸಿಕೊಳ್ಳುತ್ತಾರೆ. ಆದರೆ ಕಟ್ಟಡ ಅವರದು. ನನ್ನ ತರ್ಕಶಕ್ತಿಗೆ ಇರುವ ಒಂದೇ ಒಂದು ಮಿತಿ ಆ ಕಟ್ಟಡ.

ಹೋದ ವರ್ಷ ನಾನು ಬೆಂಗಳೂರಿನ ಸರ್ಕಾರಿ ಕಡತಗಳ ಭಂಡಾರಕ್ಕೆ ಅಲೆದೂ ಅಲೆದೂ ಒಂದು ಹಳೆಯ ಫೋಟೋದ ದೊಡ್ಡ ಪ್ರತಿಯನ್ನು ತಂದೆ. ಶಿವನಸಮುದ್ರದಲ್ಲಿ ಕರೆಂಟು ತಯಾರಿಸುವ ಕೆಲಸ ಶುರುವಾದಾಗ, ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಯಂತ್ರಗಳನ್ನು ಆನೆ ಕುದುರೆಗಳಿಂದ ಎಳೆಸಿ ಮಳವಳ್ಳಿಯ ಮೇಲೆ, ಜನ ಬ್ಲಫ್ ಎನ್ನುವ ಆ ಜಲಪಾತದ ಜಾಗಕ್ಕೆ ಸಾಗಿಸಿದರಲ್ಲ, ಆ ಕಾಲದ ಪಟ. ಮನೆಯಷ್ಟು ಎತ್ತರದ ಕಬ್ಬಿಣದ ಚಕ್ರ, ಅದನ್ನು ಹೊತ್ತ ಗಾಡಿ, ಒಂದು ಆನೆ, ಟೋಪಿ ಹಾಕಿದ ಒಬ್ಬ ಬಿಳಿ ದೊರೆ, ಸುತ್ತ ಪೇಟ ಸುತ್ತಿದ ನಮ್ಮ ಜನ. ಆಗಿನ ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತಂತೆ. ಎಲ್ಲರೂ ನಿಂತಿದ್ದಾರೆ. ಆನೆ ಮಾತ್ರ ಸೊಂಡಿಲು ಆಡಿಸಿದೆ, ಅದು ಹೊಗೆಯಂತೆ ಬಂದಿದೆ. ಯಾರ ಹೆಸರೂ ಎಲ್ಲೂ ಇಲ್ಲ.

ಭಂಡಾರದ ಸಾಹೇಬರು ಪಟ ಕೊಡುವಾಗ ಒಂದು ಷರತ್ತು ಹಾಕಿದರು. ಮಹಾಲಯ ಅಮಾವಾಸ್ಯೆಯ ಮಾರನೇ ದಿನ ಮಂಡ್ಯದಲ್ಲಿ ಹಳೆಯ ಫೋಟೋಗಳ ಪ್ರದರ್ಶನ; ಈ ಪ್ರತಿ ಅಲ್ಲಿಗೆ ಶುದ್ಧವಾಗಿ ಬಂದರೆ ನಮ್ಮ ವಾಚನಾಲಯಕ್ಕೆ ಇನ್ನಷ್ಟು ಪಟಗಳು ಸಿಗುತ್ತವೆ, ಕೆಟ್ಟರೆ ಇನ್ನು ಈ ಜನ್ಮದಲ್ಲಿ ಇಲ್ಲ. ನಾನು ಒಪ್ಪಿಕೊಂಡೆ. ಗೋಡೆಯ ಮೇಲೆ ನೇತು ಹಾಕಿದ ಗಾಜಿನ ಕಟ್ಟಿನ ಪಟ ಹೇಗೆ ಕೆಡುತ್ತದೆ? ಪ್ರಶ್ನೆ ಸರಿಯಾಗಿಯೇ ಇತ್ತು.

ಅನಾವರಣದ ದಿನ ನಾನು ಭಾಷಣ ಮಾಡಿದೆ. ಅದನ್ನು ಇಲ್ಲಿ ಕೊಡದೆ ವಿಧಿಯಿಲ್ಲ, ಏಕೆಂದರೆ ಆಮೇಲೆ ಇಡೀ ಊರು ಅದನ್ನು ನನಗೇ ತಿರುಗಿ ಒಪ್ಪಿಸಿತು. "ಮಹಾಜನಗಳೇ, ಈ ಪಟಕ್ಕೆ ಒಡೆಯರಿಲ್ಲ. ತೆಗೆದವನು ಇಲ್ಲ, ತೆಗೆಸಿದ ಸರ್ಕಾರವೂ ಇಲ್ಲ. ಇಷ್ಟು ಹಳೆಯ ಪಟ ಕಾನೂನಿನ ಕಣ್ಣಿನಲ್ಲಿ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು. ಯಾರು ಬೇಕಾದರೂ ಬಳಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಇವರು ನಮ್ಮೆಲ್ಲರ ಹಿರಿಯರು!" ಕೊನೆಯ ವಾಕ್ಯಕ್ಕೆ ಯಾವ ಆಧಾರವೂ ಇರಲಿಲ್ಲ. ಚಪ್ಪಾಳೆಗಾಗಿ ಸೇರಿಸಿದ್ದು. ಚಪ್ಪಾಳೆ ಬಂತು.

ಪಿತೃಪಕ್ಷವೂ ಬಂತು.

ನಮ್ಮ ಕಡೆ ಪಿತೃಪಕ್ಷದಲ್ಲಿ ಒಂದೊಂದು ಮನೆಯವರು ಒಂದೊಂದು ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಬಾಳೆಲೆ, ಮುದ್ದೆ, ಮಾಂಸದ ಸಾರು, ಕಜ್ಜಾಯ, ಸತ್ತವರು ಇದ್ದಾಗ ಯಾವುದಕ್ಕೆ ಬಾಯಿ ಬಿಡುತ್ತಿದ್ದರೋ ಅದು. ಸಾಂಬ್ರಾಣಿ ಹಾಕಿ, ಬಾಗಿಲು ಮುಂದಕ್ಕೆಳೆದು, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣಬೇಕು. ಹಿಂದೆ ಒಂದು ಕಳಸ ಇಟ್ಟರೆ ಸಾಕಾಗಿತ್ತು. ಈಗ ಸ್ಟುಡಿಯೋಗಳು ಬಂದ ಮೇಲೆ ಎಡೆಯ ಹಿಂದೆ ಪಟ ಇಲ್ಲದಿದ್ದರೆ ಬಂದ ನೆಂಟರು ಗೋಡೆ ನೋಡುತ್ತಾರೆ. ಅಪ್ಪಂದಿರ ಪಟ ಹೇಗೋ ಇರುತ್ತದೆ. ತಾತಂದಿರ ಪಟ ಯಾರ ಮನೆಯಲ್ಲೂ ಇಲ್ಲ. ತಾತಂದಿರ ಪಟ ಇರುವುದು ಇಡೀ ಮಳವಳ್ಳಿಯಲ್ಲಿ ಒಂದೇ ಕಡೆ, ನನ್ನ ಬೀಗದ ಹಿಂದೆ.

ಮೊದಲು ಬಂದವರು ನಮ್ಮ ಅಧ್ಯಕ್ಷರೇ.

"ಪುಟ್ಸಾಮಿ, ಆ ಪಟ ಬಿಚ್ಚು. ನಾಳೆ ನಮ್ಮನೇಲಿ ಎಡೆ. ಚಕ್ರದ ಪಕ್ಕ ಮೀಸೆ ಬುಟ್ಕೊಂಡು ನಿಂತವ್ನಲ್ಲ, ಅವ್ನೇ ನಮ್ಮ ತಾತ."

"ನಿಮ್ಮ ತಾತ ಎನ್ನುವುದಕ್ಕೆ ಸಾಕ್ಷಿ ಏನು, ಗೌಡರೇ?"

"ಸಾಕ್ಷಿ ಯಾಕ್ಲಾ? ನೀನೇ ಏಳ್ಲಿಲ್ವಾ, ನಮ್ಮೆಲ್ರ ಇರೀಕ್ರು ಅಂತ? ಎಲ್ರೂ ಅಂದ್ಮೇಲೆ ನಾನು ಬ್ಯಾರೆಯವ್ನಾ?"

"ಅದು ಭಾಷಣ, ಗೌಡರೇ."

"ಅಂಗಾದ್ರೆ ಸುಳ್ಳೇಳ್ದಾ?"

ಒಬ್ಬ ವಾದಪಟುವನ್ನು ಹೀಗೆ ಎರಡು ಕೊಂಬಿನ ನಡುವೆ ನಿಲ್ಲಿಸಲು ನಾಲ್ಕು ವರ್ಷ ತರ್ಕಶಾಸ್ತ್ರ ಓದಬೇಕು ಎಂದು ನಾನು ತಿಳಿದಿದ್ದೆ. ಪಟ ಬಿಚ್ಚಿಕೊಟ್ಟೆ. ಗಾಜಿನ ಮೇಲೆ ಮೀಸೆಯವನ ಹಣೆಗೆ ನೇರವಾಗಿ ಒಂದು ಕುಂಕುಮದ ಬೊಟ್ಟು ಇಟ್ಟುಕೊಂಡು ಅದು ವಾಪಸ್ಸು ಬಂತು. ಒರೆಸುತ್ತಿದ್ದಂತೆಯೇ ಹಿಂದಿನ ಬೀದಿಯ ನಿಂಗೇಗೌಡರು ಬಂದು ನಿಂತರು. ಅವರ ತಾತನೂ ಅದೇ ಮೀಸೆಯವನೇ.

ಇಲ್ಲಿ ನನಗೊಂದು ಅವಕಾಶ ಸಿಕ್ಕಿತು. ಇಡೀ ಪಕ್ಷದಲ್ಲಿ ನಾನು ಗೆದ್ದ ವಾದ ಇದೊಂದೇ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಬೋರೇಗೌಡರ ಮಗಳನ್ನು ನಿಂಗೇಗೌಡರ ಮಗನಿಗೆ ಕೊಡುವ ಮಾತು ಆಗ ನಡೆದಿತ್ತು. ಇಬ್ಬರನ್ನೂ ವಾಚನಾಲಯದಲ್ಲಿ ಎದುರುಬದುರು ಕೂರಿಸಿದೆ. "ಇಬ್ಬರ ತಾತನೂ ಒಬ್ಬನೇ ಆದರೆ ನೀವಿಬ್ಬರೂ ಅಣ್ಣತಮ್ಮಂದಿರು. ಹುಡುಗನಿಗೆ ಹುಡುಗಿ ತಂಗಿಯಾಗುತ್ತಾಳೆ. ಮದುವೆ ಹೇಗೆ?" ಎಂದೆ. ಇಬ್ಬರ ಮುಖವೂ ಕಪ್ಪಿಟ್ಟಿತು. ಸುಳ್ಳು ಪೂರ್ವಜರನ್ನು ಹೀಗೆ ಒಂದೇ ಏಟಿಗೆ ಕೆಡವಿದೆನಲ್ಲ ಎಂದು ನಾನು ಹಿಗ್ಗಿದೆ. ಬೋರೇಗೌಡರು ಎದ್ದು ಪಟದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಅಂಗಾದ್ರೆ ಪಕ್ಕದೋನು ನಮ್ಮ ತಾತ ಬುಡು. ಮೀಸೆಯೋನ್ನ ಬೀಗರಿಗೆ ಕೊಟ್ಟೆ."

ಹೀಗೆ ತಾತನನ್ನು ವರದಕ್ಷಿಣೆಯಾಗಿ ಕೊಟ್ಟ ಮೊದಲ ಉದಾಹರಣೆ ನಮ್ಮ ವಾಚನಾಲಯದಲ್ಲಿ ನಡೆಯಿತು. ಬೀಗರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಪಟವನ್ನೂ ಒಯ್ದರು.

ಆಮೇಲೆ ಅದು ನನ್ನ ಕೈಯಲ್ಲಿ ನಿಲ್ಲಲೇ ಇಲ್ಲ. ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಹಿಂದಿನ ಬೀದಿಗೆ. ನಾನು ಹಿಂದೆ ಹಿಂದೆ ಒದ್ದೆ ಬಟ್ಟೆ ಹಿಡಿದು ಓಡಾಡುವುದು. ಸಣ್ಣತಾಯಮ್ಮ ಎಂಬ ಮುದುಕಿಯ ಮನೆಗೆ ಹೋಗುವ ಹೊತ್ತಿಗೆ ಆಕೆ ಬಾಗಿಲು ಮುಚ್ಚಿ ಹೊರಗೆ ನಿಂತಿದ್ದಳು. ಒಳಗೆ ಪಟ, ಪಟದ ಮುಂದೆ ಎಡೆ.

"ಅಜ್ಜಿ, ಪಟದಲ್ಲಿ ಅಷ್ಟು ಜನ ಇದ್ದಾರೆ. ನಿಮ್ಮ ತಾತ ಒಬ್ಬ. ಮಿಕ್ಕವರು ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆಯೇ?" ಎಂದೆ. ಇದು ನನ್ನ ಬಳಿ ಇದ್ದ ಅತಿ ಹರಿತವಾದ ಅಸ್ತ್ರ. ಅಸಂಬದ್ಧತೆಯನ್ನು ಕೊನೆಯವರೆಗೂ ಎಳೆದು ತೋರಿಸಿದರೆ ಎದುರಾಳಿ ನಾಚಿಕೊಳ್ಳಬೇಕು.

ಅಜ್ಜಿ ನಾಚಿಕೊಳ್ಳಲಿಲ್ಲ. ಗಾಬರಿಯಾದಳು. "ಅಯ್ಯೋ ಸಿವ್ನೆ, ಓದ್ದೋನು ನೀನು, ಮೊದ್ಲೇ ಏಳ್ಬಾರ್ದಾ! ಮನೆಗ್ ಬಂದೋರಿಗೆ ಇಕ್ಕಲ್ಲ ಅನ್ನಕಾಯ್ತದಾ?" ಎಂದು ಬಾಗಿಲು ತಳ್ಳಿ ಒಳಗೆ ಓಡಿ ಸಾಲಾಗಿ ಎಲೆ ಹಾಸಿದಳು. ಆನೆಗೂ ಒಂದು ಬೆಲ್ಲದ ಅಚ್ಚು ಬಿತ್ತು. ಎಲ್ಲರಿಗೂ ಬಡಿಸಿ ದೊರೆಯ ಹತ್ತಿರ ಬಂದಾಗ ಕೈ ತಡೆಯಿತು. "ಇವನ್ಗೆ ಕಾರ ಆಗಾಕಿಲ್ಲ ಅಲ್ವಾ?" ಎಂದು ನನ್ನನ್ನೇ ಕೇಳಿದಳು. ಕಾಲೇಜಿನಲ್ಲಿ ಕಪ್ಪು ಗೆದ್ದ ನಾನು ಬೇಕರಿಗೆ ಹೋಗಿ ಬಿಳಿ ದೊರೆಯ ಆತ್ಮಕ್ಕೆ ಒಂದು ಬನ್ನು ತಂದುಕೊಟ್ಟೆ. ಬಾಗಿಲು ಮುಚ್ಚಿ ಇಬ್ಬರೂ ಹೊರಗೆ ನಿಂತೆವು. ತೆಗೆದು ನೋಡಿದರೆ ಬನ್ನನ್ನು ಬೆಕ್ಕು ತಿಂದಿತ್ತು. "ನೋಡ್ದಾ, ದೊರೆ ಬಂದಿದ್ದ," ಎಂದಳು ಅಜ್ಜಿ. ಬೆಕ್ಕಿನ ಮೀಸೆಯಲ್ಲಿ ಪುಡಿ ಇದ್ದದ್ದನ್ನು ನಾನು ತೋರಿಸಿದೆ. "ಮತ್ತೆ, ದೊರೆ ನಿನ್ ಎದ್ರಿಗೆ ಟೋಪಿ ಆಕ್ಕೊಂಡು ಬತ್ತಾನಾ?" ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಪಟ ಕೊನೆಗೂ ನನ್ನ ಮನೆಗೆ ಬಂದಾಗ ಅದನ್ನು ಭಂಡಾರದ ಸಾಹೇಬರು ಕಂಡಿದ್ದರೆ ಅಲ್ಲೇ ಎದೆಯೊಡೆದುಕೊಳ್ಳುತ್ತಿದ್ದರು. ಮುಖವಿದ್ದವರಿಗೆಲ್ಲ ಕುಂಕುಮ. ಆನೆಗೆ ವಿಭೂತಿ. ದೊರೆಗೆ ಯಾರೋ ಪುಣ್ಯಾತ್ಮರು ಅಡ್ಡನಾಮ ಬೇರೆ ಎಳೆದಿದ್ದರು. ಒಂದು ಮೂಲೆಯಲ್ಲಿ ಸಾರಿನ ಕಲೆ. ಚೌಕಟ್ಟಿನ ಮೇಲೆ ಬೀಡಿಯ ಬೂದಿ. ಮಾರನೇ ದಿನ ಮಂಡ್ಯ. ನಾನು ಜಗಲಿಯ ಮೇಲೆ ನೀರು, ಬಟ್ಟೆ, ಹುಣಸೆಹಣ್ಣು ಇಟ್ಟುಕೊಂಡು ಊರನ್ನು ಶಪಿಸುತ್ತಾ ಉಜ್ಜಲು ಕೂತೆ. ಅವ್ವ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಇವತ್ತು ನಮ್ಮನೆ ಎಡೆ ಕಣಪ್ಪ."

"ಗೊತ್ತವ್ವ. ಅಪ್ಪನ ಪಟ ಇದೆಯಲ್ಲ."

"ನಿಮ್ಮಪ್ಪನ ಪಟ ವರ್ಸ ವರ್ಸ ಒಂಟಿಯಾಗಿ ಕೂತದೆ. ಅವ್ರಪ್ಪನ್ನೂ ಪಕ್ಕಕ್ಕೆ ಇಕ್ಕು. ಅವ್ರೂ ಗಾಡಿ ಜೊತೆ ಓಗಿದ್ರಂತೆ, ಬ್ಲಪ್ಪಿಗೆ."

ನನಗೆ ಸಿಟ್ಟು ನೆತ್ತಿಗೇರಿತು. ಊರಿನವರನ್ನು ಕ್ಷಮಿಸಬಹುದು. ನನ್ನ ಸ್ವಂತ ಮನೆಯಲ್ಲೇ! "ಅವ್ವ, ನೀನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ತಾತ ಸತ್ತಿದ್ದರು. ಅವರ ಮುಖವನ್ನೇ ನೀನು ಕಂಡಿಲ್ಲ. ಇದರಲ್ಲಿ ಯಾರೆಂದು ಗುರುತು ಹಿಡಿಯುತ್ತೀಯ?"

ಅವ್ವ ಬಾಗಿ, ಬಲಗಡೆಯ ಅಂಚಿನಲ್ಲಿ, ಆನೆಯ ಕಾಲಿನ ಹಿಂದೆ ಬೆರಳಿಟ್ಟಳು. ನಾನೂ ಗಮನಿಸಿರದ ಒಬ್ಬ ಅಲ್ಲಿದ್ದ. ಇಷ್ಟು ದಿನ ಯಾರೂ ಅವನನ್ನು ಕೇಳಿರಲಿಲ್ಲ, ಏಕೆಂದರೆ ಅವನಿಗೆ ಮುಖವಿರಲಿಲ್ಲ. ಎಲ್ಲರೂ ಕ್ಯಾಮೆರಾ ಕಡೆ ಕಣ್ಣು ಬಿಟ್ಟು ಕಂಬದಂತೆ ನಿಂತಿದ್ದರೆ ಇವನೊಬ್ಬ ಮಾವುತನ ಕಡೆ ತಿರುಗಿ, ಬೆರಳೆತ್ತಿ, ಏನೋ ವಾದಿಸುತ್ತಿದ್ದ. ತಲೆ ಅಲ್ಲಾಡಿಸುತ್ತಲೇ ಇದ್ದನೆಂದು ಕಾಣುತ್ತದೆ. ಪೇಟ, ಮುಖ, ಎಲ್ಲ ಕಲಸಿಹೋಗಿದ್ದವು. ಎತ್ತಿದ ಬೆರಳು ಮಾತ್ರ ಅಚ್ಚುಕಟ್ಟಾಗಿ ಮೂಡಿತ್ತು.

"ಇವ್ರೇ."

"ಇವನಿಗೆ ಮುಖವೇ ಇಲ್ಲವಲ್ಲವ್ವ!"

"ಮೊಖ ನಾನೂ ಕಂಡಿಲ್ಲ, ಪಟದಲ್ಲೂ ಇಲ್ಲ. ಸರೋಯ್ತಲ್ಲ?"

"ಇದು ಸಾಕ್ಷ್ಯವಲ್ಲ, ಅವ್ವ! ಮುಖ ಕಾಣದಿರುವುದು ಗುರುತಾಗುವುದಿಲ್ಲ. ಯಾವ ನ್ಯಾಯಾಲಯದಲ್ಲೂ, ಯಾವ ತರ್ಕದಲ್ಲೂ..."

ಅವ್ವ ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು. ನಾನೂ ನೋಡಿದೆ. ನನ್ನ ಬೆರಳು ಮೇಲೆದ್ದು ನಿಂತಿತ್ತು.

"ನಿಮ್ಮಪ್ಪಾನೂ ಇಂಗೇ ಎತ್ತೋರು," ಎಂದಳು ಅವ್ವ. "ಪಟ ತೆಗ್ಯೋ ಗಳಿಗೇಲೂ ಬಾಯಿ ಮುಚ್ಚಿಲ್ಲ ನೋಡು. ಇನ್ಯಾರಾಗಿರ್ತಾರೆ?"

ನಾನು ಬೆರಳು ಇಳಿಸಿದೆ. ಪ್ರತಿವಾದ ಇರಲಿಲ್ಲ ಎಂದಲ್ಲ. ಬೆರಳೆತ್ತಿ ಮಾತಾಡುವವರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರೆಲ್ಲ ನನ್ನ ತಾತಂದಿರಲ್ಲ. ಇದು ಸಾಮ್ಯದಿಂದ ಸಂಬಂಧವನ್ನು ಊಹಿಸುವ ದೋಷ. ಇಷ್ಟನ್ನು ಹೇಳಬೇಕಾದರೆ ಬೆರಳು ಎತ್ತಬೇಕಾಗಿತ್ತು, ಅದೊಂದೇ ತೊಡಕು. ಸುಮ್ಮನೆ ಪಟವನ್ನು ಅಪ್ಪನ ಪಟದ ಪಕ್ಕಕ್ಕೆ ಒರಗಿಸಿದೆ. ಅವ್ವ ಕುಂಕುಮದ ಬಟ್ಟಲು ತಂದು, ಮುಖವಿಲ್ಲದ ಆ ಮನುಷ್ಯನಿಗೆ ಹಣೆ ಎಲ್ಲಿರಬಹುದೆಂದು ಸ್ವಲ್ಪ ಹೊತ್ತು ಹುಡುಕಿ, ಒಂದು ಬೊಟ್ಟು ಇಟ್ಟಳು. ಬಾಗಿಲು ಮುಂದಕ್ಕೆಳೆದು ಹೊರಗೆ ನಿಂತೆವು. ನಮ್ಮ ಮನೆಯ ಬೆಕ್ಕನ್ನು ಮಾತ್ರ ನಾನು ಕಂಕುಳಲ್ಲಿ ಹಿಡಿದುಕೊಂಡಿದ್ದೆ. ಅದು ನನ್ನ ಸಿದ್ಧಾಂತಕ್ಕಾಗಿಯೋ ತಾತನ ಊಟಕ್ಕಾಗಿಯೋ ಎಂದು ಕೇಳಿದರೆ ನನಗೆ ಯೋಚಿಸಲು ಕಾಲಾವಕಾಶ ಬೇಕು.

ಮಾರನೇ ದಿನ ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ಹೊರಟೆ. ಭಾರತೀನಗರದವರೆಗೆ ಮೀಸೆಯವನನ್ನೂ ಅವನ ಪಕ್ಕದವನನ್ನೂ ಉಜ್ಜಿದೆ. ಅಲ್ಲಿ ಕಬ್ಬಿನ ಗಾಡಿಗಳ ಸಾಲು ದಾರಿ ಬಿಡುವ ಹೊತ್ತಿಗೆ ದೊರೆಯ ನಾಮ ಹೋಯಿತು. ಮದ್ದೂರು ದಾಟುವಷ್ಟರಲ್ಲಿ ಸಾರಿನ ಕಲೆ ಹೋಗಿ, ಆನೆ ಮತ್ತೆ ಆನೆಯಾಗಿತ್ತು. ಪಕ್ಕದಲ್ಲಿ ಕೂತವರು, "ಯಾರ್ ಸ್ವಾಮಿ ಇವ್ರು, ನಿಮ್ಮ ಕಡೆಯೋರಾ?" ಎಂದು ಕೇಳಿದರು. "ಇದು ಸಾರ್ವಜನಿಕ ಸ್ವತ್ತು," ಎಂದು ಗಟ್ಟಿಯಾಗಿ ಹೇಳಿ ಬಾಯಿ ಮುಚ್ಚಿಸಿದೆ.

ಮಂಡ್ಯದಲ್ಲಿ ಸಾಹೇಬರು ಪಟವನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಇಂಚು ಇಂಚಾಗಿ ನೋಡಿದರು. ಬಲಗಡೆಯ ಅಂಚಿಗೆ ಬಂದಾಗ ಅವರ ಹುಬ್ಬು ಗಂಟಾಯಿತು. "ಇಲ್ಲೊಂದು ಕೆಂಪು ಚುಕ್ಕೆ ಇದೆಯಲ್ಲ, ಪುಟ್ಟಸ್ವಾಮಿ?"

"ಎಷ್ಟು ಉಜ್ಜಿದರೂ ಹೋಗಲಿಲ್ಲ ಸಾರ್," ಎಂದೆ.

ಸಾಹೇಬರು ಸಾಕ್ಷಿ ಕೇಳಲಿಲ್ಲ. ಕೇಳಬೇಕಿತ್ತು. ನನ್ನ ಕೈಯಲ್ಲಿದ್ದ ಬಟ್ಟೆ ಇನ್ನೂ ಒದ್ದೆಯಾಗಿಯೇ ಇತ್ತು; ಆ ಅಂಚನ್ನು ಮಾತ್ರ ಅದು ಮುಟ್ಟಿರಲಿಲ್ಲ.