ಅಗದಿ ಶಾಂತ ಕೂಸು

ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಗುಟುಕು ನೀರು ಕುಡಿಯುತ್ತೇನೆ. ಮಾಸ್ತರರಿಗೆ, ಕಂಡಕ್ಟರರಿಗೆ ಈ ಕಷ್ಟವಿಲ್ಲ, ಒಂದೇ ಮಾತಿನಲ್ಲಿ ಮುಗಿಯುತ್ತದೆ. ನನ್ನದು ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯ ಕೆಲಸ. ಎಳೆಯ ಕೂಸುಗಳ ಮಿದುಳು ಹೇಗೆ ಬೆಳೆಯುತ್ತದೆಂದು ನಮ್ಮ ಸಾಹೇಬರು ಅಭ್ಯಾಸ ಮಾಡುತ್ತಾರೆ. ನಾನು ಹಳ್ಳಿಗಳಿಗೆ ಹೋಗಿ ಅದಕ್ಕೆ ಬೇಕಾದ ದಾಖಲೆ ತರುತ್ತೇನೆ. ನವಲಗುಂದದ ನಮ್ಮ ಓಣಿಯಲ್ಲಿ ನಮ್ಮವ್ವ ಇದನ್ನೆಲ್ಲ "ನಮ್ಮಾಕಿ ತಲಿ ಡಾಕ್ಟರ್ ಕಡೆ ಇದ್ದಾಳ್ರಿ" ಎಂದು ಮುಗಿಸಿಬಿಟ್ಟಿದ್ದಾಳೆ. ಅದರಿಂದಾಗಿ ರವಿವಾರ ಮುಂಜಾನೆ ಬಾಜು ಮನೆಯವರು ತಲೆಹೊಟ್ಟಿಗೂ ಔಷಧ ಕೇಳಲು ಬರುತ್ತಾರೆ. ನಾನು ಒಮ್ಮೊಮ್ಮೆ ಹೇಳಿಯೂ ಬಿಡುತ್ತೇನೆ. ಗೊತ್ತಿಲ್ಲದ್ದನ್ನು ಧೈರ್ಯವಾಗಿ ಹೇಳುವುದು ನನಗೆ ಸುಲಭ. ಗೊತ್ತಿದ್ದದ್ದನ್ನು ಹೇಳಬೇಕಾಗಿ ಬಂದಾಗ ಏನಾಯಿತು ಎಂಬುದನ್ನೇ ಈಗ ಬರೆಯುತ್ತಿದ್ದೇನೆ.

ಶಲವಡಿಯ ಗಂಗವ್ವನ ಮನೆಗೆ ನಾನು ಮೊದಲ ಸಲ ಹೋದಾಗ ಅವಳ ಮೊಮ್ಮಗಳು ಸಾನ್ವಿಗೆ ನಾಲ್ಕು ತಿಂಗಳು. ವೈರು ಜೋಡಿಸಿದ ಸಣ್ಣ ಟೋಪಿಯನ್ನು ಕೂಸಿನ ತಲೆಗೆ ಹಾಕಿ, ಅದಕ್ಕೆ ಕೆಲವು ಶಬ್ದ ಕೇಳಿಸಿ, ಮಿದುಳಿನ ಅಲೆಗಳನ್ನು ಬರೆದುಕೊಳ್ಳುವುದು ನಮ್ಮ ಪದ್ಧತಿ. ಟೋಪಿ ನೋಡಿ ಗಂಗವ್ವ, "ಇದೆಂಥಾ ಕುಂಚಿಗಿ ಬೇ, ಕರೆಂಟಿಂದು?" ಎಂದಳು. ಹಣೆಯ ವಿಭೂತಿ ಒರೆಸಬೇಕು ಅಂದಾಗ ಮಾತ್ರ ಗಟ್ಟಿಯಾಗಿ ಕೂತಳು. "ಈಬತ್ತಿ ಅಳಸಾಕ ನಾ ಬಿಡೂದಿಲ್ಲ ನೋಡ್ರಿ." ಅರ್ಧ ತಾಸು ಚರ್ಚೆಯಾಗಿ, ಪರೀಕ್ಷೆ ಮುಗಿದ ಕೂಡಲೇ ಮತ್ತೆ ಹಚ್ಚುವುದೆಂದು ಒಪ್ಪಂದವಾಯಿತು. ಒಪ್ಪಂದದಂತೆ ಆಕೆ ಕೂಸಿಗೂ ಹಚ್ಚಿದಳು, ನನಗೂ ಹಚ್ಚಿದಳು, ಕೊನೆಗೆ ಮಷಿನ್ನಿಗೂ ಮೂರು ಬೆರಳು ಎಳೆದಳು.

"ನಮ್ಮ ಮನಿತನದಾಗ ಇಂಥಾ ಶಾಂತ ಕೂಸು ಹುಟ್ಟೇ ಇಲ್ರಿ. ನಾಯಿ ಬೊಗಳಲಿ, ಕುಕ್ಕರ್ ಸೀಟಿ ಹೊಡೀಲಿ, ಎಚ್ಚರ ಆಗೂದಿಲ್ಲ. ಅಗದಿ ಶಾಂತ" ಎಂದು ಹೆಮ್ಮೆಪಟ್ಟಳು. ಅಷ್ಟರಲ್ಲಿ ಹೊರಗೆ ಒಂದು ಟ್ರ್ಯಾಕ್ಟರ್ ಕಿವಿ ಹರಿಯುವಂಥ ಹಾಡು ಹಚ್ಚಿಕೊಂಡು ಹಾದುಹೋಯಿತು. ನಾನು ಬೆಚ್ಚಿದೆ. ಕೂಸಿನ ತಾಯಿ ರೇಣುಕಾ ಬೆಚ್ಚಿದಳು. ಎಚ್ಚರವಾಗಿಯೇ ಇದ್ದ ಸಾನ್ವಿ ನನ್ನ ಕೈಬಳೆ ನೋಡಿ ನಗುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಗಿಲಕಿ ಅಲ್ಲಾಡಿಸಿದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೂಸು ತಿರುಗಲಿಲ್ಲ. ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಫಾರ್ಮಿನಲ್ಲಿ "ಮಗು ನಿದ್ದೆಗಣ್ಣಿನಲ್ಲಿತ್ತು" ಎಂಬ ಸಾಲಿಗೆ ಗುರುತು ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಮನೆಯವರಿಗೆ ನಾವಾಗಿ ರೋಗದ ಹೆಸರು ಹೇಳಬಾರದು, ಅನುಮಾನ ಬಂದರೆ ಅಂದೇ ಸಾಹೇಬರಿಗೆ ತಿಳಿಸಬೇಕು ಎಂದು ನಮ್ಮಲ್ಲಿ ನಿಯಮವಿದೆ. ಅದರಲ್ಲಿ ಅರ್ಧವನ್ನು ನಾನು ಬಲು ನಿಷ್ಠೆಯಿಂದ ಪಾಲಿಸಿದೆ. ಉಳಿದರ್ಧಕ್ಕೆ ನನ್ನ ಹತ್ತಿರ ಕಾರಣಗಳಿದ್ದವು. ಕೂಸು ಆಟದಲ್ಲಿ ಮೈಮರೆತಿರಬಹುದು, ಗಿಲಕಿ ಹಳೆಯದು, ಅಲೆಗಳನ್ನು ಓದುವವರು ಹೇಗೂ ನೋಡುತ್ತಾರೆ. ಅಲೆಗಳ ಕಡತ ನೂರಾರು ಕಡತಗಳ ಹಿಂದೆ ಸರದಿಯಲ್ಲಿ ಕೂತಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಸಂತೋಷದಿಂದ ನನ್ನ ಹಣೆಗೆ ಈಬತ್ತಿ ಹಚ್ಚಿದ ಮುದುಕಿಯ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಆರು ತಿಂಗಳ ಮೇಲೆ ಎರಡನೆಯ ಭೇಟಿಗೆ ಹೋದೆ. ನಾನು ಚೀಲ ಬಿಚ್ಚುವ ಮೊದಲೇ ರೇಣುಕಾ, "ಅಕ್ಕಾರ, ಇಲ್ಲೆ ನೋಡ್ರಿ" ಎಂದು ಆಡುತ್ತಿದ್ದ ಕೂಸಿನ ಹಿಂದೆ ಸ್ಟೀಲಿನ ತಾಟನ್ನು ಕಲ್ಲಿನ ಮೇಲೆ ಬಿಟ್ಟಳು. ಪಡಸಾಲೆಯಲ್ಲಿ ಕೂತಿದ್ದ ಗಂಗವ್ವ ಎದ್ದು ಬಂದಳು. ಸಾನ್ವಿ ಮಾತ್ರ ತನ್ನ ಗೊಂಬೆಯ ಕೈ ಚೀಪುತ್ತಲೇ ಇದ್ದಳು. ಈ ಸಲ ಅಲ್ಲಿಂದಲೇ ಸಾಹೇಬರಿಗೆ ಫೋನ್ ಹಚ್ಚಿದೆ.

ನಗರದ ದವಾಖಾನೆಯಲ್ಲಿ ಪರೀಕ್ಷೆಯಾಯಿತು. ಎರಡೂ ಕಿವಿ ಬಹಳ ಮಂದ. ಕಿವಿಗೆ ಮಷಿನ್ ಹಾಕಿದರೆ ಮಾತು ಬರಬಹುದು, ಆದರೆ ಎಷ್ಟು ಲಗೂ ಹಾಕಿದರೆ ಅಷ್ಟು ಚಲೋ ಎಂದರು ಡಾಕ್ಟರು. "ಇಷ್ಟ ದಿನಾ ಏನ ಮಾಡ್ತಿದ್ರಿ?" ಎಂದು ಅವರು ಕೇಳಿದ್ದು ರೇಣುಕಾಳನ್ನು. ಅವಳು ತಲೆ ತಗ್ಗಿಸಿದಳು. ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತ ನಿಂತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೂಸು ಅವಳ ತೊಡೆಯ ಮೇಲೆ ಮಲಗಿತ್ತು. ಕಿಟಕಿಯ ಗಾಜುಗಳೆಲ್ಲ ಗಡಗಡ ಅನ್ನುತ್ತಿದ್ದವು. ರೇಣುಕಾ ಕೇಳಿದಳು.

"ನಿಮಗ ಆವತ್ತ ಗೊತ್ತಾಗಿತ್ತಲ್ರಿ ಅಕ್ಕಾರ?"

ಸುಳ್ಳು ಹೇಳಲು ಬಾಯಿ ತೆರೆದೆ. "ಹೌದವಾ, ಅನುಮಾನ ಬಂದಿತ್ತು" ಎಂದಿತು ಬಾಯಿ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನನಗೂ ಬಂದಿತ್ರಿ, ನಿಮಗಿಂತ ಮೊದಲ. ಅತ್ತಿ ಬೈತಾರಂತ ಸುಮ್ನಿದ್ದೆ. ನೀವು ಮಷಿನ್ ತಗೊಂಡ ಬಂದ್ರಿ. ಇವರಿಗೆ ಗೊತ್ತಾಗ್ತೈತಿ ಅಂತ ನಿಮ್ಮ ಮಾರಿನ ನೋಡ್ಕೋತ ಕುಂತೆ. ನೀವು ಏನೂ ಅನಲಿಲ್ಲ. ಕಲತವರಿಗೆ ಕಾಣಲಾರದ್ದು ನನಗೇನ ಕಾಣ್ತೈತಿ, ನಂದ ತಲಿ ಕೆಟ್ಟೈತಿ ಅನಕೊಂಡು ಬಿಟ್ಟಬಿಟ್ಟೆ."

ಮರುದಿನ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈದರು, ಹಳೆಯ ಫಾರ್ಮುಗಳನ್ನೆಲ್ಲ ನನ್ನಿಂದ ಮತ್ತೆ ತೆಗೆಸಿ ನೋಡಿದರು. ಕೆಲಸ ಉಳಿಯಿತು. ಉಳಿಯಬಾರದಿತ್ತು ಎಂದು ನನಗೆ ಆಗಾಗ ಅನಿಸುತ್ತದೆ. ರಾಜೀನಾಮೆ ಬರೆಯುವಷ್ಟು ಮಾತ್ರ ಅನಿಸುವುದಿಲ್ಲ.

ಕಿವಿಯ ಮಷಿನ್ ಹಾಕಿದ ಮೇಲೆ ಸಾನ್ವಿಯನ್ನು ಪ್ರಯೋಗಾಲಯಕ್ಕೆ ಕರೆತಂದರು. ಹಿಂದೆ ನಿಂತು ಹೆಸರು ಹಿಡಿದು ಕರೆಯಿರಿ ಎಂದು ಸಾಹೇಬರು ನನಗೇ ಹೇಳಿದರು. "ಸಾನ್ವೀ" ಎಂದೆ. ಕೂಸು ಥಟ್ಟನೆ ತಿರುಗಿತು, ನನ್ನನ್ನು ನೋಡಿತು, ತುಟಿ ಸೊಟ್ಟ ಮಾಡಿ ಜೋರಾಗಿ ಅಳತೊಡಗಿತು. ರೇಣುಕಾ ಎತ್ತಿಕೊಂಡು ಬೆನ್ನು ತಟ್ಟಿದಳು.

"ಅಂಜಬ್ಯಾಡ ನನ್ನವ್ವಾ. ಇವರು ಭಾಳ ಮಾತಾಡೂವರಲ್ಲ."

ಸಾಹೇಬರು ಖುಷಿಯಿಂದ, "ಬರ್ಕೋರಿ, ಉತ್ತಮ ಪ್ರತಿಕ್ರಿಯೆ" ಎಂದರು. ಬರೆದುಕೊಂಡೆ.